ಎರಡು ನುಡಿಯ ಮಿದುಳು, ಉಲ್ಲೇಖಗಳ ಲೆಕ್ಕ

ಮನೆಯಲ್ಲಿ ಕನ್ನಡ, ಕಬ್ಬು ಕಡಿಯಲು ಬಂದ ಗ್ಯಾಂಗಿನವರ ಹತ್ತಿರ ಮರಾಠಿ, ಮಿರಜಿನ ದವಾಖಾನೆಯಲ್ಲಿ ಮರಾಠಿ, ಚಿಕ್ಕೋಡಿಯ ಕಚೇರಿಯಲ್ಲಿ ಮತ್ತೆ ಕನ್ನಡ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಇದನ್ನು ಯಾರೂ ದೊಡ್ಡ ವಿದ್ಯೆ ಎಂದು ಎಣಿಸುವುದಿಲ್ಲ. ಮನೆಮಾತು ಮರಾಠಿಯಾದವರದ್ದು ಇದೇ ಪಟ್ಟಿ ತಿರುವುಮುರುವಾಗಿ. ಹಾಗಾಗಿ ‘ಎರಡು ಭಾಷೆ ಆಡುವವರಿಗೆ ಮರೆವಿನ ರೋಗ ಬರುವುದಿಲ್ಲವಂತೆ’ ಎಂಬ ಸುದ್ದಿ ಮೊಬೈಲಿಗೆ ಬಂದರೆ ಈ ಕಡೆ ಅದಕ್ಕೆ ಕಾಲು ಬೇಗ ಬರುತ್ತವೆ. ನಮ್ಮದೇ ಹೊಗಳಿಕೆಯನ್ನು ಮುಂದಕ್ಕೆ ಕಳಿಸದೆ ತಡೆಯುವವರು ಯಾರು?

ಆ ಸುದ್ದಿಯ ಬುಡ ಹುಡುಕುತ್ತ ಹೋದರೆ ಬಹಳ ಸಲ ಹೋಗಿ ಮುಟ್ಟುವುದು ಒಂದೇ ಪ್ರಬಂಧಕ್ಕೆ. 2013ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಬಂದದ್ದು. ಮೊದಲ ಹೆಸರು ಸುವರ್ಣಾ ಅಲ್ಲಾಡಿ ಅವರದು. ಆಗ ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ನರರೋಗಶಾಸ್ತ್ರದ ಪ್ರಾಧ್ಯಾಪಕಿಯಾಗಿ ಬಂದರು. ಇಬ್ಭಾಷಿಕರ ಮಿದುಳಿನ ಬಗ್ಗೆ ಜಗತ್ತಿನಲ್ಲಿ ಎಲ್ಲಿ ಚರ್ಚೆ ನಡೆದರೂ ಈ ಪ್ರಬಂಧವನ್ನು ಉಲ್ಲೇಖಿಸದೆ ಮುಂದೆ ಹೋಗುವುದು ಕಷ್ಟ. ಆದರೆ ಹೆಚ್ಚು ಉಲ್ಲೇಖವಾದ ಪ್ರಬಂಧಕ್ಕೆ ಒಂದು ಶಾಪವಿದೆ: ಅದನ್ನು ಓದದೆಯೇ ಎಲ್ಲರಿಗೂ ಅದು ಗೊತ್ತಿರುತ್ತದೆ. ಗೊತ್ತಿದೆ ಎಂದುಕೊಂಡದ್ದರಲ್ಲಿ ಎಷ್ಟು ಸರಿ ಎಂದು ಒಂದೊಂದಾಗಿ ನೋಡೋಣ.

ಕಲ್ಪನೆ: ಎರಡು ಭಾಷೆ ಬಲ್ಲವರಿಗೆ ಡಿಮೆನ್ಶಿಯಾ ಬರುವುದಿಲ್ಲ

ಪ್ರಬಂಧ ಹಾಗೆ ಹೇಳಿಯೇ ಇಲ್ಲ. ಅಲ್ಲಿ ಲೆಕ್ಕಕ್ಕೆ ತೆಗೆದುಕೊಂಡ 648 ಜನರಿಗೂ ಡಿಮೆನ್ಶಿಯಾ ಬಂದಿತ್ತು. ಅವರಲ್ಲಿ 391 ಜನ ಎರಡು ಅಥವಾ ಹೆಚ್ಚು ಭಾಷೆ ಆಡುವವರು. ಬಂದ ರೋಗ ಯಾವ ವಯಸ್ಸಿಗೆ ಬಂತು ಎಂಬುದಷ್ಟೇ ಪ್ರಶ್ನೆ. ಒಂದೇ ಭಾಷೆಯವರಲ್ಲಿ ಲಕ್ಷಣ ಕಾಣಿಸಿಕೊಂಡ ಸರಾಸರಿ ವಯಸ್ಸು 61.1, ಎರಡು ಭಾಷೆಯವರಲ್ಲಿ 65.6. ನಾಲ್ಕೂವರೆ ವರ್ಷದ ಅಂತರ. ಅರುವತ್ತರ ಅರಳು ಮರಳು ಅರುವತ್ತೈದಕ್ಕೆ ಹೋಯಿತು, ತಪ್ಪಿಹೋಗಲಿಲ್ಲ.

ಈ ನಾಲ್ಕೂವರೆ ವರ್ಷ ಸಣ್ಣ ಮಾತಲ್ಲ. ಮಗ್ಗುಲಲ್ಲಿ ಕೂತು ಊಟ ಮಾಡಿಸಬೇಕಾದ ಮನೆಯವರಿಗೆ ಅದರ ಬೆಲೆ ಗೊತ್ತು. ಆದರೆ ‘ತಡವಾಗಿ ಬರುತ್ತದೆ’ ಎಂಬುದಕ್ಕೂ ‘ಬರುವುದಿಲ್ಲ’ ಎಂಬುದಕ್ಕೂ ಇರುವ ದೂರವನ್ನು ಮೊಬೈಲಿನ ಸುದ್ದಿ ಒಂದೇ ಜಿಗಿತಕ್ಕೆ ದಾಟಿಬಿಡುತ್ತದೆ. ಇದರಿಂದ ಆಗುವ ಕೇಡೂ ಸಣ್ಣದಲ್ಲ: ‘ನಮ್ಮ ಕಾಕಾ ಮರಾಠಿ, ಹಿಂದಿ ಎಲ್ಲಾ ಮಾತಾಡ್ತಾರ, ಅವರಿಗೇನಾಗತೈತಿ’ ಎಂದು ಎರಡು ವರ್ಷ ಡಾಕ್ಟರ ಕಡೆ ಹೋಗದೆ ಕೂರುವುದು.

ಲೆಕ್ಕ ಹೇಗೆ ಹಾಕಿದರು ಎಂಬುದನ್ನೂ ಹತ್ತಿರದಿಂದ ನೋಡಬೇಕು. ಜೂನ್ 2006ರಿಂದ ಅಕ್ಟೋಬರ್ 2012ರವರೆಗೆ ಆ ಆಸ್ಪತ್ರೆಯ ಮೆಮೊರಿ ಕ್ಲಿನಿಕ್ಕಿಗೆ ಬಂದವರ ದಾಖಲೆಗಳನ್ನು ಹಿಂತಿರುಗಿ ನೋಡಿದರು. ಇಂಥ ಕ್ಲಿನಿಕ್ಕಿನಲ್ಲಿ ಲಕ್ಷಣ ಶುರುವಾದ ವಯಸ್ಸನ್ನು ಹೇಳುವವರು ಜೊತೆಗೆ ಬಂದ ಮನೆಯವರು. ‘ಮೊದಲನೇ ಸಲ ಯಾವಾಗ ಅನ್ನಿಸಿತು?’ ಎಂದು ಕೇಳಿದರೆ ನಾವೆಲ್ಲ ಹೇಗೆ ಉತ್ತರಿಸುತ್ತೇವೆ? ‘ತಂಗಿಯ ಮಗಳ ಲಗ್ನದ ವರ್ಷ ಹೆಸರು ಮರೆತಿದ್ದರು’ ಎನ್ನುತ್ತೇವೆ. ಆ ಲಗ್ನದ ಇಸವಿ ಹಿಡಿದು ವಯಸ್ಸು ಕೂಡಿಸಬೇಕು. ತಪ್ಪು ಎಂದಲ್ಲ, ಈ ಬಗೆಯ ಅಧ್ಯಯನದ ಮಿತಿಯೇ ಅದು. ಆಸ್ಪತ್ರೆಗೆ ಬಂದವರು ಮಾತ್ರ ಅಲ್ಲಿ ಕಾಣುತ್ತಾರೆ. ಬಾರದೆ ಹಳ್ಳಿಯಲ್ಲೇ ಉಳಿದವರು ಕಾಣುವುದಿಲ್ಲ.

ಕಲ್ಪನೆ: ಅಷ್ಟು ಸಲ ಉಲ್ಲೇಖವಾಗಿದೆ, ಅಂದರೆ ಅದು ಸಾಬೀತಾದ ಸತ್ಯ

ಇದೇ ಎಲ್ಲಕ್ಕಿಂತ ಬೇರು ಬಿಟ್ಟ ತಪ್ಪು. ಓದಿದವರೂ ಮಾಡುವ ತಪ್ಪು.

ಒಂದು ಪ್ರಬಂಧವನ್ನು ಇನ್ನೊಬ್ಬರು ಉಲ್ಲೇಖಿಸುವುದು ಹಲವು ಕಾರಣಕ್ಕೆ. ಒಪ್ಪಿ, ಒಪ್ಪದೆ, ಹೋಲಿಸಲು, ವಿಧಾನ ಬಳಸಿಕೊಳ್ಳಲು, ಅಥವಾ ಪೀಠಿಕೆಯಲ್ಲಿ ‘ಈ ವಿಷಯದ ಮೇಲೆ ಹಿಂದೆಯೂ ಕೆಲಸ ನಡೆದಿದೆ’ ಎಂದು ಕೈಮುಗಿದು ಹೋಗಲು. ಎಣಿಸುವ ಯಂತ್ರಕ್ಕೆ ಇವೆಲ್ಲ ಒಂದೇ. ಚಿಂಚಲಿ ಮಾಯಕ್ಕನ ಜಾತ್ರೆಗೆ ಎಷ್ಟು ಚಕ್ಕಡಿ ಬಂದವು ಎಂದು ಎಣಿಸಿದರೆ ಜನ ಎಷ್ಟು ಸೇರಿದ್ದರು ಎಂದು ತಿಳಿದೀತು, ಯಾರ ಹರಕೆ ಈಡೇರಿತು ಎಂದು ತಿಳಿಯುವುದಿಲ್ಲ.

ಉದಾಹರಣೆಗೆ ಮರೆವಿನ ರೋಗದ ಸಂಶೋಧನೆಯಲ್ಲೇ ನಡೆದ ಒಂದು ಪ್ರಕರಣ. 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ತಂಡವೊಂದು, ಮಿದುಳಿನಲ್ಲಿ ಕಟ್ಟಿಕೊಳ್ಳುವ ಅಮೈಲಾಯ್ಡ್ ಪ್ರೋಟೀನಿನ ಒಂದು ನಿರ್ದಿಷ್ಟ ರೂಪವೇ ನೆನಪು ಕೆಡಿಸುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿತ್ತು. ಆ ಪ್ರಬಂಧ ಸುಮಾರು 2,500 ಸಲ ಉಲ್ಲೇಖವಾಯಿತು. 2022ರಲ್ಲಿ ಅದರ ಚಿತ್ರಗಳ ಮೇಲೆ ಬಹಿರಂಗವಾಗಿ ಅನುಮಾನ ಎದ್ದಿತು, 2024ರಲ್ಲಿ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು. ಹದಿನೆಂಟು ವರ್ಷ. ಆ ಎರಡೂವರೆ ಸಾವಿರ ಉಲ್ಲೇಖಗಳು ಆಗಲೂ ಎಣಿಕೆಯಲ್ಲಿದ್ದವು, ಈಗಲೂ ಇವೆ.

ಹೈದರಾಬಾದಿನ ಪ್ರಬಂಧದ ಮೇಲೆ ಅಂಥ ಕಳಂಕವೇನೂ ಇಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಅಲ್ಲಿ ನಡೆಯುತ್ತಿರುವುದು ಪ್ರಾಮಾಣಿಕ ಜಗಳ. ರೋಗ ಬಂದವರ ದಾಖಲೆಗಳನ್ನು ಹಿಂತಿರುಗಿ ನೋಡುವ ಅಧ್ಯಯನಗಳಲ್ಲಿ ಇಬ್ಭಾಷಿಕರಿಗೆ ಲಾಭ ಕಾಣುತ್ತದೆ. ಇನ್ನೂ ರೋಗವಿಲ್ಲದ ಜನರನ್ನು ಆರಿಸಿ ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನಗಳಲ್ಲಿ ಆ ಲಾಭ ಸರಿಯಾಗಿ ಕಾಣುತ್ತಿಲ್ಲ. ಇದನ್ನು 2017ರಲ್ಲಿ ಲಂಡನ್ನಿನ ನಹೀದ್ ಮುಕದಮ್ ಮತ್ತು ಸಂಗಡಿಗರು ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೋರಿಸಿದರು. ಆ ಲೇಖನದಲ್ಲೂ ಅಲ್ಲಾಡಿಯವರ ಪ್ರಬಂಧದ ಉಲ್ಲೇಖ ಬರಲೇಬೇಕಲ್ಲ! ಎಣಿಕೆಗೆ ಒಂದು ಸೇರಿತು.

ಎಡಿನ್‌ಬರೊ ವಿಶ್ವವಿದ್ಯಾಲಯದ ಕಥೆ ಇನ್ನೂ ಸ್ವಾರಸ್ಯ. ಅಲ್ಲಾಡಿಯವರ ಜೊತೆ ಹೈದರಾಬಾದ್ ಪ್ರಬಂಧ ಬರೆದ ಥಾಮಸ್ ಬಾಕ್ ಅಲ್ಲಿನವರು. ಅದೇ ವಿಶ್ವವಿದ್ಯಾಲಯದ ಏಂಜಲಾ ಡಿ ಬ್ರೂಯ್ನ್, ಸರ್ಜಿಯೋ ಡೆಲ್ಲಾ ಸಾಲಾ ಮತ್ತವರ ಸಂಗಡಿಗರು 2015ರಲ್ಲಿ ಬೇರೊಂದು ಪ್ರಶ್ನೆ ಎತ್ತಿದರು. 1999ರಿಂದ 2012ರವರೆಗೆ ಸಮ್ಮೇಳನಗಳಲ್ಲಿ ಮಂಡನೆಯಾದ 104 ಸಾರಾಂಶಗಳನ್ನು ಹಿಡಿದು, ಯಾವುವು ಮುಂದೆ ಪತ್ರಿಕೆಯಲ್ಲಿ ಅಚ್ಚಾದವು ಎಂದು ನೋಡಿದರು. ಇಬ್ಭಾಷಿಕರಿಗೆ ಲಾಭ ಇದೆ ಎಂದವು ಹೆಚ್ಚು ಅಚ್ಚಾಗಿದ್ದವು, ಇಲ್ಲ ಎಂದವು ಹೆಚ್ಚಾಗಿ ಡ್ರಾಯರಿನಲ್ಲೇ ಉಳಿದಿದ್ದವು. ಅಂದರೆ ಉಲ್ಲೇಖವಾಗುವ ಮೊದಲೇ ಒಂದು ಜರಡಿ ಇದೆ. ಅಚ್ಚಾಗದ್ದನ್ನು ಯಾರೂ ಉಲ್ಲೇಖಿಸಲಾರರು.

ಕಲ್ಪನೆ: ಹಾಗಾದರೆ ಉಲ್ಲೇಖದ ಸಂಖ್ಯೆಗೆ ಅರ್ಥವೇ ಇಲ್ಲ

ಇದು ಆ ಕಡೆಯ ತಪ್ಪು. ಕೆಲವು ಪ್ರಬಂಧಗಳು ಹೆಚ್ಚು ಉಲ್ಲೇಖವಾಗುವುದಕ್ಕೆ ಗಟ್ಟಿ ಕಾರಣ ಇರುತ್ತದೆ, ಹೈದರಾಬಾದಿನದು ಅಂಥದ್ದು.

2007ರಲ್ಲಿ ಕೆನಡಾದ ಟೊರಾಂಟೊದಲ್ಲಿ ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು 184 ರೋಗಿಗಳನ್ನು ನೋಡಿ, ಇಬ್ಭಾಷಿಕರಲ್ಲಿ ಲಕ್ಷಣ ನಾಲ್ಕು ವರ್ಷ ತಡ ಎಂದು ಮೊದಲು ಹೇಳಿದ್ದರು. ತಕ್ಷಣ ಆಕ್ಷೇಪ ಬಂತು: ಅಲ್ಲಿನ ಇಬ್ಭಾಷಿಕರಲ್ಲಿ ಹೆಚ್ಚಿನವರು ಹೊರದೇಶದಿಂದ ವಲಸೆ ಬಂದವರು. ದೇಶ ಬಿಟ್ಟು ದೇಶಕ್ಕೆ ಬಂದು ಬದುಕು ಕಟ್ಟಿಕೊಂಡವರ ಆರೋಗ್ಯವೇ ಬೇರೆ ಇರಬಹುದಲ್ಲ? ಭಾಷೆಯ ಲಾಭ ಯಾವುದು, ವಲಸೆಯ ಲಾಭ ಯಾವುದು ಎಂದು ಬಿಡಿಸುವುದು ಹೇಗೆ?

ಹೈದರಾಬಾದಿನಲ್ಲಿ ಈ ಗಂಟು ತಾನಾಗಿಯೇ ಬಿಚ್ಚಿಕೊಂಡಿತು. ಅಲ್ಲಿ ತೆಲುಗಿನವರು ಉರ್ದು ಕಲಿತದ್ದು, ಉರ್ದುವಿನವರು ತೆಲುಗು ಕಲಿತದ್ದು ಎಲ್ಲಿಗೂ ಹೋಗಿಯಲ್ಲ, ಓಣಿಯಲ್ಲಿ. ನಿಪ್ಪಾಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಸಂಗತಿ: ಒಂದಕ್ಷರ ಓದಲು ಬಾರದವರಲ್ಲೂ ಅಂತರ ಕಂಡಿತು, ಅದೂ ಆರು ವರ್ಷದ್ದು. ಶಾಲೆಯ ಲಾಭವನ್ನೇ ಭಾಷೆಯ ಲಾಭವೆಂದು ತಪ್ಪಾಗಿ ಎಣಿಸಿದ್ದೀರಿ ಎಂಬ ಮಾತಿಗೆ ಅದರಿಂದ ಬಲ ಕಡಿಮೆಯಾಯಿತು. ಪಶ್ಚಿಮದ ನಗರಗಳಲ್ಲಿ ಅನಕ್ಷರಸ್ಥ ಇಬ್ಭಾಷಿಕರನ್ನು ಸಾಕಷ್ಟು ಸಂಖ್ಯೆಯಲ್ಲಿ ಹುಡುಕುವುದೇ ಕಷ್ಟ. ನಮ್ಮ ಸಂತೆಗಳಲ್ಲಿ ತಂಬಾಕು, ಮೆಣಸಿನಕಾಯಿ, ಚಪ್ಪಲಿ ಮಾರುವವರಲ್ಲಿ ಅವರು ಬೇಕಾದಷ್ಟು ಜನ. ಜಗತ್ತು ಈ ಪ್ರಬಂಧವನ್ನು ಉಲ್ಲೇಖಿಸುವುದು ಅದರ ಲೇಖಕರು ಜಾಣರು ಎಂಬುದಕ್ಕಷ್ಟೇ ಅಲ್ಲ, ಬೇರೆಲ್ಲೂ ಕೇಳಲಾಗದ ಪ್ರಶ್ನೆಯನ್ನು ಇಂಥ ನೆಲದಲ್ಲಿ ಕೇಳಬಹುದು ಎಂಬುದಕ್ಕೆ.

ಕಲ್ಪನೆ: ಎರಡಕ್ಕೆ ಇಷ್ಟಾದರೆ ನಾಲ್ಕು ಭಾಷೆಗೆ ಇನ್ನೂ ಲಾಭ

ಹೈದರಾಬಾದಿನ ಲೆಕ್ಕದಲ್ಲಿ ಎರಡಕ್ಕಿಂತ ಹೆಚ್ಚಿನ ಭಾಷೆಯಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಕನ್ನಡ, ಮರಾಠಿ, ಹಿಂದಿ, ಉರ್ದು ನಾಲ್ಕನ್ನೂ ಸರಾಗ ಆಡುವ ಕುಡಚಿ, ಅಥಣಿ ಕಡೆಯವರು ಬೇಜಾರು ಮಾಡಿಕೊಳ್ಳಬಾರದು. ವ್ಯಾಪಾರಕ್ಕಂತೂ ಲಾಭ ಇದ್ದೇ ಇದೆ.

ಕಲ್ಪನೆ: ಒಬ್ಬ ವಿಜ್ಞಾನಿ ಒಮ್ಮೆ ಹೇಳಿದ್ದನ್ನೇ ಹೇಳುತ್ತ ಹೋಗುತ್ತಾರೆ

ಪ್ರಬಂಧಗಳ ಪಟ್ಟಿಯನ್ನು ಸಂಖ್ಯೆಯಾಗಿ ನೋಡದೆ ಸಾಲಾಗಿ ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ಅಲ್ಲಾಡಿಯವರ ಹೆಸರು ಮೊದಲಿಗಿರುವ 2007ರ ಒಂದು ಪ್ರಬಂಧ ‘ಬ್ರೇನ್’ ಪತ್ರಿಕೆಯಲ್ಲಿದೆ, ಕೇಂಬ್ರಿಜ್‌ನ ಜಾನ್ ಹಾಜಸ್ ಅವರ ತಂಡದ ಜೊತೆ ಮಾಡಿದ್ದು. ಸತ್ತ ನಂತರ ಮಿದುಳು ಪರೀಕ್ಷೆಯಾದ 100 ಜನರ ಪ್ರಕರಣಗಳು. ಆಲ್‌ಝೈಮರ್ಸ್ ಎಂದರೆ ಮೊದಲು ನೆನಪೇ ಹೋಗಬೇಕೆಂದಿಲ್ಲ. ಕೆಲವರಲ್ಲಿ ಮಾತು ಮೊದಲು ತಡವರಿಸುತ್ತದೆ, ಕೆಲವರಲ್ಲಿ ಕಣ್ಣು ಚೆನ್ನಾಗಿದ್ದರೂ ಕಂಡದ್ದು ಅರ್ಥವಾಗುವುದಿಲ್ಲ ಎಂಬುದು ಅದರ ಹುರುಳು. ಭಾಷೆಗಳ ಸಂಖ್ಯೆಯ ಮಾತೇ ಅಲ್ಲಿಲ್ಲ.

2016ರಲ್ಲಿ ‘ಸ್ಟ್ರೋಕ್’ ಪತ್ರಿಕೆಯಲ್ಲಿ ಬಂದದ್ದು ಪಾರ್ಶ್ವವಾಯು ಹೊಡೆದ 608 ಜನರ ಕುರಿತು. ಇಬ್ಭಾಷಿಕರಲ್ಲಿ ಶೇ. 40.5 ಜನರ ಬುದ್ಧಿಶಕ್ತಿ ಸರಿಯಾಗಿತ್ತು, ಒಂದೇ ಭಾಷೆಯವರಲ್ಲಿ ಶೇ. 19.6 ಮಾತ್ರ. ಇಲ್ಲಿಯವರೆಗಿನದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಸಾಲಿದೆ: ಮಾತು ಬಿದ್ದುಹೋದವರ ಪ್ರಮಾಣದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. ಎರಡು ಭಾಷೆ ಇದ್ದರೆ ಒಂದಾದರೂ ಉಳಿದೀತು ಎಂದು ನಾವು ಸುಮ್ಮನೆ ಅಂದುಕೊಳ್ಳುತ್ತೇವಲ್ಲ, ಹಾಗೇನಿಲ್ಲ. 2017ರಲ್ಲಿ ಮತ್ತೊಂದು. ಮಿದುಳಿನ ಮುಂಭಾಗ ಸವೆಯುವ ಡಿಮೆನ್ಶಿಯಾದಲ್ಲಿ ನಡವಳಿಕೆ ಕೆಡುವ ಬಗೆ ಇಬ್ಭಾಷಿಕರಿಗೆ ತಡವಾಗಿ ಬರುತ್ತದೆ, ಮಾತು ಕೆಡುವ ಬಗೆ ತಡವಾಗುವುದಿಲ್ಲ. ಅಂದರೆ 2013ರ ತಮ್ಮದೇ ಮಾತಿಗೆ ನಾಲ್ಕು ವರ್ಷದ ನಂತರ ತಾವೇ ಗೆರೆ ಎಳೆದರು. ನನ್ನ ಮಟ್ಟಿಗೆ ಒಬ್ಬ ಸಂಶೋಧಕರ ಗುಣ ಗೊತ್ತಾಗುವುದು ಇಂಥ ಪ್ರಬಂಧದಲ್ಲಿ. ಹೆಚ್ಚು ಓಡಾಡುವುದು ಮಾತ್ರ ಹಳೆಯ, ಗೆರೆಯಿಲ್ಲದ ಮಾತು.

ಕಲ್ಪನೆ: ‘ಸ್ಟ್ಯಾನ್‌ಫರ್ಡ್ ಶೇ. 2’ ಪಟ್ಟಿ ಒಂದು ಪ್ರಶಸ್ತಿ

ವರ್ಷಕ್ಕೊಮ್ಮೆ ಪೇಪರಿನಲ್ಲಿ, ಕಾಲೇಜಿನ ಗೇಟಿನ ಫ್ಲೆಕ್ಸಿನಲ್ಲಿ ಕಾಣುವ ಮಾತಿದು: ‘ವಿಶ್ವದ ಶೇ. 2 ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಸರ್’. ಸರ್ ಅವರಿಗೆ ಶಾಲು ಹೊದಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಇದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕರೆದು ಕೊಡುವ ಪ್ರಶಸ್ತಿಯಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಅಯಾನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಎಂಬ ದತ್ತಾಂಶದಿಂದ ಉಲ್ಲೇಖಗಳನ್ನು ತೆಗೆದು, ಆರು ಬಗೆಯ ಎಣಿಕೆಯನ್ನು ಕೂಡಿಸಿ ಕಟ್ಟಿದ ಕೋಷ್ಟಕ. 2019ರಿಂದ ನಡೆದುಬಂದಿದೆ. ಅರ್ಜಿ ಇಲ್ಲ, ಆಯ್ಕೆ ಸಮಿತಿ ಇಲ್ಲ, ಪ್ರಬಂಧವನ್ನು ಓದುವವರೂ ಇಲ್ಲ. ಅದರಲ್ಲೂ ಎರಡು ಪಟ್ಟಿ: ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು. ಫ್ಲೆಕ್ಸಿನಲ್ಲಿ ಯಾವುದು ಎಂದು ಬರೆದಿರುವುದಿಲ್ಲ. ತಮಾಷೆಯೆಂದರೆ, ‘ಪ್ರಕಟವಾದ ಬಹುಪಾಲು ಸಂಶೋಧನಾ ಫಲಿತಾಂಶಗಳು ಏಕೆ ಸುಳ್ಳು’ ಎಂದು 2005ರಲ್ಲಿ ಬರೆದು ಹೆಸರಾದವರೂ ಇದೇ ಅಯಾನಿಡಿಸ್. ಆ ಲೇಖನಕ್ಕೆ ಬಿದ್ದ ಉಲ್ಲೇಖಗಳು ಸಾವಿರಗಟ್ಟಲೆ.

ಎಚ್-ಇಂಡೆಕ್ಸಿನದೂ ಇದೇ ಹಣೆಬರಹ. 2005ರಲ್ಲಿ ಹಾರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ್ದು. ತಲಾ ಕನಿಷ್ಠ 20 ಸಲ ಉಲ್ಲೇಖವಾದ 20 ಪ್ರಬಂಧಗಳಿದ್ದರೆ ಎಚ್-ಇಂಡೆಕ್ಸ್ 20. ಅದು ವಯಸ್ಸಿನ ಜೊತೆ ಏರುತ್ತದೆ, ಇಳಿಯುವುದಿಲ್ಲ. ಗೂಗಲ್ ಸ್ಕಾಲರಿನಲ್ಲಿ ಒಂದು, ಸ್ಕೋಪಸ್ಸಿನಲ್ಲಿ ಇನ್ನೊಂದು ಸಂಖ್ಯೆ ಬರುತ್ತದೆ, ಏಕೆಂದರೆ ಗೂಗಲ್ ಪಿಎಚ್‌ಡಿ ಪ್ರಬಂಧ, ಸಮ್ಮೇಳನದ ಹಾಳೆಗಳನ್ನೂ ಎಣಿಸುತ್ತದೆ. ಹತ್ತು ಜನ ಕೂಡಿ ಬರೆಯುವ ನರವಿಜ್ಞಾನದವರ ಸಂಖ್ಯೆಯನ್ನು, ಒಬ್ಬರೇ ಕೂತು ಹತ್ತು ವರ್ಷಕ್ಕೊಂದು ಪುಸ್ತಕ ಬರೆಯುವ ಹಳಗನ್ನಡದ ವಿದ್ವಾಂಸರ ಪಕ್ಕ ಇಟ್ಟು ನೋಡುವುದು ಹುಚ್ಚುತನ. ಆದರೂ ಬಡ್ತಿಯ ಅರ್ಜಿಯಲ್ಲಿ ಇಬ್ಬರಿಗೂ ಒಂದೇ ಕಾಲಂ.

ಕಲ್ಪನೆ: ಎರಡು ಭಾಷೆ ಕಲಿಸಿದರೆ ಮಗುವಿನ ತಲೆ ಗೊಂದಲವಾಗುತ್ತದೆ

ಕನ್ನಡ ಶಾಲೆಗೆ ಹಾಕಲೋ, ಮರಾಠಿ ಶಾಲೆಗೋ, ಇಂಗ್ಲಿಷಿಗೋ ಎಂದು ಒದ್ದಾಡುವ ತಂದೆತಾಯಿಗಳು ಈಗಲೂ ಹೇಳುವ ಮಾತು. ಇದಕ್ಕೂ ಒಂದು ಕಾಲದ ‘ಸಂಶೋಧನೆ’ಯ ಬೆಂಬಲವಿತ್ತು. 1923ರಲ್ಲಿ ಡಿ. ಜೆ. ಸೇರ್ ಎಂಬವರು ವೇಲ್ಸ್‌ನ ಮಕ್ಕಳನ್ನು ಪರೀಕ್ಷಿಸಿ, ಹಳ್ಳಿಯ ಇಬ್ಭಾಷಿಕ ಮಕ್ಕಳು ಬುದ್ಧಿಮತ್ತೆಯಲ್ಲಿ ಹಿಂದೆ ಎಂದು ಬರೆದರು. ದಶಕಗಳ ಕಾಲ ಅದು ಉಲ್ಲೇಖವಾಯಿತು. 1962ರಲ್ಲಿ ಮಾಂಟ್ರಿಯಲ್‌ನ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಮನೆಯ ಸ್ಥಿತಿಗತಿಯನ್ನೂ ಎರಡೂ ಭಾಷೆಯ ಹಿಡಿತವನ್ನೂ ಸರಿದೂಗಿಸಿ ನೋಡಿದಾಗ ಫಲಿತಾಂಶ ತಲೆಕೆಳಗಾಯಿತು: ಇಬ್ಭಾಷಿಕ ಮಕ್ಕಳೇ ಮುಂದೆ. ನಮ್ಮಲ್ಲಿ ಅಜಿತ್ ಮೊಹಂತಿ ಒಡಿಶಾದ ಕಂಧ ಸಮುದಾಯದಲ್ಲಿ ಕುಯಿ ಮತ್ತು ಒಡಿಯಾ ಎರಡನ್ನೂ ಆಡುವ ಮಕ್ಕಳ ಮೇಲೆ ಮಾಡಿದ ಕೆಲಸವೂ ಅದೇ ದಿಕ್ಕಿನದು. ಮೊದಲು ಬಡತನವನ್ನು ಭಾಷೆಯ ತಲೆಗೆ ಕಟ್ಟಿದ್ದರು, ಅಷ್ಟೆ.

ಕಲ್ಪನೆ: ನಮ್ಮ ಗಡಿಭಾಗದ ಕಲಬೆರಕೆ ಮಾತನ್ನು ಯಾವ ವಿಜ್ಞಾನವೂ ಲೆಕ್ಕಕ್ಕೆ ಇಟ್ಟಿಲ್ಲ

ಇಟ್ಟಿದೆ, ಅದೂ ಜಗತ್ತಿನ ಭಾಷಾವಿಜ್ಞಾನದ ಪಾಠಗಳಲ್ಲಿ ಮತ್ತೆ ಮತ್ತೆ ಬರುವಷ್ಟು. ಕಾಗವಾಡದಿಂದ ಆಚೆ, ಸಾಂಗಲಿ ಜಿಲ್ಲೆಯಲ್ಲಿರುವ ಕುಪವಾರ ಎಂಬ ಗಡಿಹಳ್ಳಿಯ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಬರೆದರು. ಸುಮಾರು ಮೂರು ಸಾವಿರ ಜನರ ಊರು, ನಾಲ್ಕು ಭಾಷೆ: ಜೈನರು ಕನ್ನಡ, ಮುಸ್ಲಿಮರು ಉರ್ದು, ಹಗ್ಗ ಹೊಸೆಯುವವರು ತೆಲುಗು, ಜೊತೆಗೆ ಮರಾಠಿ. ಶತಮಾನಗಳ ಒಡನಾಟದಲ್ಲಿ ಈ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರವಾಗಿದೆಯೆಂದರೆ ‘ಸೊಪ್ಪು ಕೊಯ್ದುಕೊಂಡು ಬಂದೆ’ ಎಂಬಂಥ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ಹೊರಳಿಸಬಹುದು ಎಂದು ಅವರು ತೋರಿಸಿದರು. ಭಾಷೆಗಳ ಬೆರಕೆಯ ಚರ್ಚೆಯಲ್ಲಿ ಇದು ಕಾಯಂ ಉದಾಹರಣೆ.

ಹಾಗೆಂದು ಇದೂ ಪ್ರಶ್ನಾತೀತವಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಅದೇ ಊರಿಗೆ ಮತ್ತೆ ಹೋಗಿ, ನಾಲ್ಕು ದಶಕಗಳ ಬದಲಾವಣೆಯನ್ನು ನೋಡಿ, ಪದಕ್ಕೆ ಪದ ಹೊರಳಿಸುವ ಆ ಮಾದರಿಯನ್ನು 2016ರ ತಮ್ಮ ಪ್ರಬಂಧದಲ್ಲಿ ಪರಾಮರ್ಶೆಗೆ ಒಡ್ಡಿದರು. ನಾಲ್ವತ್ತು ವರ್ಷ ಊರಿನ ಹೆಸರು ಹೇಳಿದವರು ಎಷ್ಟೋ ಜನ, ಊರಿಗೆ ಹೋಗಿ ಬಂದವರು ಬೆರಳೆಣಿಕೆ.

ಕಲ್ಪನೆ: ನೆನಪಿನ ಪರೀಕ್ಷೆ ಯಾವ ಭಾಷೆಯಲ್ಲಿ ಮಾಡಿದರೂ ಒಂದೇ

ಮರೆವಿನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕೇಳುವ ಒಂದು ಪ್ರಶ್ನೆ: ‘ಒಂದು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಪ್ರಾಣಿಗಳ ಹೆಸರು ಹೇಳಿ.’ ಶೇಡಬಾಳದ ಕಡೆಯ ಅಜ್ಜಿಯೊಬ್ಬರು ಕೂತಿದ್ದಾರೆ ಎಂದುಕೊಳ್ಳಿ. ‘ಎಮ್ಮಿ, ಆಕಳ, ಹೋರಿ, ಶೇಳಿ, ಕುರಿ, ಮಾಂಜರ, ನಾಯಿ...’ ಎಂದು ಹೋಗುತ್ತಾರೆ. ಎದುರಿಗೆ ಕನ್ನಡ ಮಾತ್ರ ಬಲ್ಲವರಿದ್ದರೆ ಶೇಳಿ, ಮಾಂಜರ ಲೆಕ್ಕಕ್ಕಿಲ್ಲ. ಮರಾಠಿ ಮಾತ್ರ ಬಲ್ಲವರಿದ್ದರೆ ಎಮ್ಮಿ, ಆಕಳ, ಹೋರಿ, ಕುರಿ, ನಾಯಿ ಹೋದವು. ಅಜ್ಜಿಯ ನೆನಪು ಚೆನ್ನಾಗಿದೆ, ಅಂಕ ಬರಲಿಲ್ಲ. ‘ಒಂದು ಭಾಷೆಯಲ್ಲಿ ಹೇಳಿ’ ಎಂದು ತಡೆದರೆ ಇನ್ನೂ ಕಷ್ಟ. ಎಂದೂ ಬೇರ್ಪಡಿಸದೆ ಬಳಸಿದ್ದನ್ನು ಆ ಒಂದು ನಿಮಿಷದಲ್ಲಿ ಬೇರ್ಪಡಿಸುತ್ತ ಕೂರಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕಾಗಿಯೇ ನಮ್ಮ ಭಾಷೆಗಳಿಗೆ, ಓದಿದವರಿಗೂ ಓದದವರಿಗೂ ಹೊಂದುವ ಪರೀಕ್ಷೆಗಳ ಒಂದು ಕಟ್ಟು ಸಿದ್ಧಪಡಿಸಿದೆ. ಆ ಕೆಲಸದಲ್ಲಿ ಅಲ್ಲಾಡಿಯವರೂ ಇದ್ದರು. ಮೊದಲು ಸಿದ್ಧವಾದದ್ದು ಐದು ಭಾಷೆಗಳಲ್ಲಿ: ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ. ಆ ಐದರಲ್ಲಿ ಮರಾಠಿ ಇರಲಿಲ್ಲ. ಇಂಥ ಪರೀಕ್ಷೆಗಳನ್ನು ಹದಗೊಳಿಸುವ ಪ್ರಬಂಧಗಳಿಗೆ ‘ಎರಡು ಭಾಷೆ, ನಾಲ್ಕೂವರೆ ವರ್ಷ’ದ ಸುದ್ದಿಯ ಮೆರುಗಿಲ್ಲ, ಆದರೆ ರೋಗಿಯ ಮುಂದೆ ಕೂತ ಡಾಕ್ಟರಿಗೆ ದಿನಾ ಬೇಕಾಗುವುದು ಅವೇ.

ಮನೆಯ ಹಿರಿಯರನ್ನು ಬೆಳಗಾವಿಗೋ, ಮಿರಜಿಗೋ, ಬೆಂಗಳೂರಿಗೋ ಕರೆದುಕೊಂಡು ಹೋಗುವವರು ಬಿ.ಪಿ., ಸಕ್ಕರೆ ಗುಳಿಗೆಯ ಚೀಟಿಯ ಜೊತೆ ಇನ್ನೆರಡು ಮಾತನ್ನು ಮೊದಲೇ ಹೇಳಬೇಕು: ಅವರು ಯಾರ ಜೊತೆ ಯಾವ ಭಾಷೆ ಆಡುತ್ತಾರೆ, ಲೆಕ್ಕ ಯಾವ ಭಾಷೆಯಲ್ಲಿ ಹಾಕುತ್ತಾರೆ.